ಜನರಲ್ ತಿಂದ ಕಬ್ಬಿಣ

ನರ್ಸ್ ಯೋವಾನಾ: ಕಬ್ಬಿಣದ ಪುಡಿ ಕೊಟ್ಟು ಮೂರು ತಿಂಗಳಾಯ್ತು. ಮಗೂಗೆ ರಕ್ತ ಏರೋದಿರಲಿ, ಇನ್ನೂ ಇಳಿದಿದೆ! ಪುಡಿ ಎಲ್ಲಿಗೆ ಹೋಯ್ತು?

ವಿಲ್ಬರ್: ದಿನಾ ಬೆಳಗ್ಗೆ ನಾನೇ ಕೈಯಾರೆ ಹಾಕ್ತೀನಿ ನರ್ಸಮ್ಮ. ಒಂದು ಪೊಟ್ಟಣಾನೂ ಉಳಿದಿಲ್ಲ.

ಫೋರ್ತುನಾತಾ: ಅದು ನಿಜ. ನನ್ನ ಗಂಡ ಬೇಗ ಏಳೋದು ಅದೊಂದೇ ಕೆಲಸಕ್ಕೆ.

ಅಯಾಕುಚೋ ಸೀಮೆಯ ಬೆಟ್ಟದ ಮೇಲಿನ ಆ ಅಡುಗೆಮನೆಯಲ್ಲಿ ಎರಡು ವರ್ಷದ ನೆಲಿದಾ ತಾಯಿಯ ಮಡಿಲಿಗೆ ಒರಗಿ ತೂಕಡಿಸುತ್ತಿದ್ದಳು. ನರ್ಸ್ ಅವಳ ಕೆಳರೆಪ್ಪೆ ಸರಿಸಿ ನೋಡಿದಳು. ಒಳಗೆ ಬಿಳಿಚಿಕೊಂಡಿತ್ತು.

ಯೋವಾನಾ: ಯಾವಾಗಲೂ ಹೀಗೇನಾ?

ವಿಲ್ಬರ್: ಬಹಳ ಸಾಧು ಮಗು. ಅಳಲ್ಲ, ಓಡಲ್ಲ. ಮಣ್ಣಿನ ಗೋಡೆ ನೆಕ್ಕೊಂಡು ತನ್ನ ಪಾಡಿಗೆ ತಾನಿರ್ತಾಳೆ.

ಯೋವಾನಾ: ಸಾಧು ಅಲ್ಲ ಸ್ವಾಮಿ, ಸುಸ್ತು! ಅಳೋಕೂ ರಕ್ತ ಬೇಕು. ಊಟಕ್ಕೇನು ಕೊಡ್ತೀರಿ?

ಫೋರ್ತುನಾತಾ: ಇವರಿಗೆ ಮಾಂಸ, ಲಿವರ್. ಮಗೂಗೆ ಸಾರು, ಮೇಲೊಂದು ಬಿಸಿ ಚಹಾ.

ವಿಲ್ಬರ್: ಸತ್ವವೆಲ್ಲ ಸಾರಿಗೇ ಇಳಿದಿರುತ್ತೆ. ಉಳಿದ ಚರಟ ನಾನು ತಿಂತೀನಿ. ಮಕ್ಕಳಿಗಾಗಿ ತ್ಯಾಗ!

ಯೋವಾನಾ: ಎಂಥಾ ತ್ಯಾಗಿ! ಸಾರಂದ್ರೆ ರುಚಿಯಾದ ಬಿಸಿನೀರು. ಕಬ್ಬಿಣ ಇರೋದು ಮಾಂಸದಲ್ಲಿ, ಲಿವರಲ್ಲಿ, ನೀವು ಬಾಣಲೇಲಿ ಹುರೀತೀರಲ್ಲ, ಆ ಕೋಳಿ ರಕ್ತದಲ್ಲಿ. ಊಟದ ಜೊತೆ ಚಹಾ ಕುಡಿಸಿದ್ರೆ ಇದ್ದಬದ್ದದ್ದೂ ಮೈಗೆ ಹತ್ತಲ್ಲ. ಕಾಳು ಬೇಯಿಸಿದ ದಿನ ಕಿತ್ತಳೆ ಕೊಡಿ, ಕಾಳಿನ ಕಬ್ಬಿಣ ಮೈಗೆ ಹತ್ತುತ್ತೆ.

ಒಲೆಯ ಬದಿಯ ಗೂಡಿನಲ್ಲಿ ಮಾಂಸಕ್ಕೆಂದು ಸಾಕಿದ ಹತ್ತಾರು ಗಿನಿಹಂದಿಗಳು ಸೊಪ್ಪು ಮೆಲ್ಲುತ್ತಿದ್ದವು. ಅವುಗಳಲ್ಲೊಂದು ಬೆಕ್ಕಿನಷ್ಟು ದಪ್ಪವಿದ್ದು, ಮಿರಮಿರ ಮಿಂಚುತ್ತಿತ್ತು. ಅದರ ಹೆಸರು ಜನರಲ್. ಭಾನುವಾರದ ದಪ್ಪ ಗಿನಿಹಂದಿಗಳ ಸ್ಪರ್ಧೆಗೆ ವಿಲ್ಬರ್ ಬೆಳೆಸಿದ ಹುರಿಯಾಳು. ಯೋವಾನಾ ಬಗ್ಗಿ, ಅದರ ಹುಲ್ಲಿನಡಿಯಿಂದ ಹರಿದ ಪೊಟ್ಟಣವೊಂದನ್ನು ಎತ್ತಿದಳು. ಮತ್ತೊಂದು. ಆಮೇಲೆ ಒಂದು ಹಿಡಿ.

ವಿಲ್ಬರ್: ಅದು... ಮಗು ಉಗುಳ್ತಿತ್ತು. ಸರ್ಕಾರದ ಔಷಧಿ ದಂಡ ಆಗಬಾರದಲ್ಲ? ಜನರಲ್ ಒಂದು ಚೂರೂ ಚೆಲ್ಲಲ್ಲ!

ಫೋರ್ತುನಾತಾ ಎದ್ದು ಚಾಕು ಹುಡುಕಿದಳು. ವಿಲ್ಬರ್ ಬಾಗಿಲ ಕಡೆಗೆ ಎರಡು ಹೆಜ್ಜೆ ಸರಿದ.

ಫೋರ್ತುನಾತಾ: ನರ್ಸಮ್ಮ, ಗಿನಿಹಂದಿ ಮಾಂಸದಲ್ಲೂ ಕಬ್ಬಿಣ ಇರುತ್ತಾ?

ಯೋವಾನಾ: ಇರುತ್ತೆ. ಹೊಸ ಪುಡಿ ನಿಮ್ಮ ಕೈಗೇ ಕೊಡ್ತೀನಿ. ದಿನಾ ಮೊದಲ ಎರಡು ತುತ್ತಿಗೆ ಕಲಸಿ.

ವಿಲ್ಬರ್: ಭಾನುವಾರ ಸ್ಪರ್ಧೆ ಕಣೇ!

ಫೋರ್ತುನಾತಾ: ಸ್ಪರ್ಧೆ ಈಗಲೇ ಮುಗೀತು. ನಿಮ್ಮ ಮಗಳು ಗೆದ್ದಳು.

ಮಧ್ಯಾಹ್ನ ಜನರಲ್‌ನ ಲಿವರ್, ಹಿಸುಕಿದ ಮಾಂಸ ನೆಲಿದಾಳ ತಟ್ಟೆಗೆ ಹೋದವು. ಉಳಿದದ್ದು ತಾಯಿಯ ತಟ್ಟೆಗೆ. ವಿಲ್ಬರ್ ತನ್ನ ಬಟ್ಟಲನ್ನು ಕದಡಿ ಕದಡಿ ನೋಡಿದ.

ವಿಲ್ಬರ್: ಇದೇನು, ಬರೀ ಸಾರು?

ಫೋರ್ತುನಾತಾ: ಸತ್ವವೆಲ್ಲ ಅದರಲ್ಲೇ ಇದೆ, ಕುಡೀರಿ. ಚರಟ ತಿನ್ನೋ ತ್ಯಾಗ ಇವತ್ತು ನಮ್ಮದಿರಲಿ.