ಮೂರನೆಯ ಬುರುಡೆಯವರ ಸಾಕ್ಷ್ಯ ಕೋರಿ

ಮೂರನೆಯ ತೇಲುಬುರುಡೆಯವರಿಗೆ,
ಸ್ಲಾಲಮ್ ಪಥ, ಬಲಬದಿ,
ಕೆರೆಯ ನಡುನೀರು.

ಮಾನ್ಯರೇ,

ತಾವು ನೀರಿನ ಮೇಲೆ ಕುಶಲವಾಗಿ ತೇಲುತ್ತಿರುವಿರೆಂದೂ, ತಮ್ಮ ಕೆಂಪು ಬಣ್ಣ ಈ ಬಿಸಿಲಿಗೂ ಮಾಸದೆ ಉಳಿದಿದೆಯೆಂದೂ, ತಮ್ಮನ್ನು ಕೆರೆಯ ತಳಕ್ಕೆ ಕಟ್ಟಿದ ಹಗ್ಗ ಎಂದಿನಂತೆ ಬಿಗಿಯಾಗಿದೆಯೆಂದೂ ನಂಬಿ, ಮೊದಲಿಗೆ ನನ್ನ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ನನ್ನ ಪರಿಚಯ ತಮಗೆ ಇಲ್ಲದಿರಲಾರದು. ವಾರವಾರವೂ ತಮ್ಮಿಂದ ಒಂದು ಮಾರು ದೂರದಲ್ಲಿ ಮೂಗಿನಿಂದ ನೀರು ಕುಡಿಯುವ ನೀಲಿ ಕೈಗವಸಿನ ಹೆಂಗಸು ನಾನೇ. ಖಾಸಗಿಯಾಗಿ ಹಲವು ಸಲ ತಮ್ಮಲ್ಲಿ ಅಹವಾಲು ಹೇಳಿಕೊಂಡಿದ್ದೆ. ಆಗೆಲ್ಲ ಬಾಯಲ್ಲಿ ನೀರಿದ್ದುದರಿಂದ ತಮಗೆ ಸ್ಪಷ್ಟವಾಗಿ ಕೇಳಿಸಿರಲಿಕ್ಕಿಲ್ಲವೆಂದು ಭಾವಿಸಿ ಈಗ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಬಹಿರಂಗ ಪತ್ರವೆಂದ ಮೇಲೆ, ತಮಗೆ ಗೊತ್ತಿರುವುದನ್ನೇ ದಡದಲ್ಲಿ ನಿಂತವರ ಸಲುವಾಗಿ ಇನ್ನೊಮ್ಮೆ ಹೇಳಬೇಕಾಗುತ್ತದೆ. ದೋಣಿಯೊಂದು ನೆಟ್ಟಗೆ ಓಡುತ್ತದೆ. ಅದರ ಹಿಂದೆ ಹಗ್ಗ, ಹಗ್ಗದ ತುದಿಗೆ ಹಿಡಿಕೆ, ಹಿಡಿಕೆಯ ತುದಿಗೆ, ಎರಡೂ ಪಾದಗಳನ್ನು ಒಂದೇ ಹಲಗೆಯ ಮೇಲೆ ಹಿಂದೆಮುಂದೆ ಬಿಗಿದುಕೊಂಡಿರುವ, ಮನೆಯಲ್ಲಿ ಬೇಕಾದಷ್ಟು ಕೆಲಸ ಬಾಕಿಯಿರುವ ಒಬ್ಬ ಮನುಷ್ಯ. ದೋಣಿಯ ದಾರಿಯ ಆ ಬದಿಗೆ ಮೂರು, ಈ ಬದಿಗೆ ಮೂರು, ಗುರುತಿಗೆಂದು ತೇಲಿಬಿಟ್ಟ ಬುರುಡೆಗಳು. ನೆಟ್ಟಗೆ ಹೋಗುವ ದೋಣಿಯ ಹಿಂದೆ ಡೊಂಕುಡೊಂಕಾಗಿ ಸಾಗುತ್ತ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ, ಆರನ್ನೂ ಹೊರಗಡೆಯಿಂದ ಸುತ್ತಿ ಬರಬೇಕು. ನಾಯಿಯ ಬಾಲಕ್ಕೆ ಹುಟ್ಟಿನಿಂದಲೇ ಬರುವ, ವಾಟರ್ ಸ್ಕೀಯಿಂಗಿನವರು ಸ್ಲಾಲಮ್ ಎನ್ನುವ ಈ ವಿದ್ಯೆಯನ್ನು ನಾನು ನಲವತ್ತು ದಾಟಿದ ಮೇಲೆ ಕಲಿಯಲು ಹೊರಟೆ.

ಹೊರಟಿದ್ದು ಅಕ್ಕನಿಗಾಗಿ. ಅಕ್ಕ ಮತ್ತು ಭಾವ ಈ ಕೆರೆಯ ಹೆಸರಾಂತ ಜೋಡಿ. ಭಾವನಿಗೆ ಬೆನ್ನು ಹಿಡಿದುಕೊಂಡ ಮೇಲೆ, ಜೋಡಿ ಸ್ಪರ್ಧೆಗೆ ಜೋಡಿಯಿಲ್ಲದೆ ಅಕ್ಕ ಹೋದ ವರ್ಷವೆಲ್ಲ ಪರರಿಗೆ ದೋಣಿ ಓಡಿಸುವವಳಾದಳು. ಅಡುಗೆಮನೆಯಲ್ಲಿ ಅವಳ ಸಪ್ಪೆ ಮುಖ ನೋಡಲಾರದೆ ನಾನು “ನಾನಿಲ್ವಾ?” ಅಂದುಬಿಟ್ಟೆ. “ನೀನಾ? ಬಚ್ಚಲಲ್ಲಿ ಜಾರಿ ಬಿದ್ದು ಸೋಪಿನ ಮೇಲೆ ಜಗಳಕ್ಕೆ ಹೋದೋಳು!” ಎಂದು ಅಕ್ಕ ಸಿಂಕಿಗೆ ಒರಗಿ ನಕ್ಕಳು. ನಕ್ಕಾದ ಮೇಲೆ, ಸ್ಪರ್ಧೆಗೆ ಹೆಸರು ಕೊಡಬೇಕಾದರೆ ಜೋಡಿಯಲ್ಲಿ ಪ್ರತಿಯೊಬ್ಬರೂ ಕನಿಷ್ಠ ಮೂರು ಬುರುಡೆ ಸುತ್ತಿ ತೋರಿಸಬೇಕೆಂದು ಮೆಲ್ಲಗೆ ಹೇಳಿದಳು. ಮೂರು ತಾನೇ ಎಂದುಕೊಂಡೆ. ಆಗ ತಮ್ಮ ಪರಿಚಯವಾಗಿರಲಿಲ್ಲ.

ಮೊದಲನೆಯವರು ಸಜ್ಜನರು, ಎರಡನೆಯವರು ಸ್ವಲ್ಪ ಬಿಗುಮಾನದವರಾದರೂ ಕೊನೆಗೆ ದಾರಿ ಬಿಡುತ್ತಾರೆ. ತಾವು ಮಾತ್ರ ಎಷ್ಟು ಕೂಗಿದರೂ ಕೂತಲ್ಲಿಂದ ಅಲುಗುವುದಿಲ್ಲ, ಬಂದವರೇ ತಮ್ಮನ್ನು ಸುತ್ತು ಹಾಕಿ ಹೋಗಬೇಕೆಂಬ ನಿಲುವನ್ನು ಸಡಿಲಿಸುವುದಿಲ್ಲ, ಅರ್ಜಿದಾರರು ಕಣ್ಣೆದುರೇ ಮುಳುಗಿದರೂ ಮುಖದ ಗೆರೆ ಬದಲಿಸುವುದಿಲ್ಲ. ಇದನ್ನು ದೂಷಣೆಯೆಂದು ಭಾವಿಸಬಾರದು. ನಾನೂ ವಿಮಾ ಕಚೇರಿಯೊಂದರಲ್ಲಿ ಜನರ ದೂರುಗಳಿಗೆ ‘ವಿಷಾದಪೂರ್ವಕವಾಗಿ’ ಎಂದು ಶುರುವಾಗುವ ಉತ್ತರಗಳನ್ನು ಬರೆದೇ ಜೀವನ ಮಾಡುತ್ತಿದ್ದೇನೆ. ತಮ್ಮ ಕಾರ್ಯವೈಖರಿಯನ್ನು ಕಂಡಾಗ ಸಹೋದ್ಯೋಗಿಯನ್ನು ಕಂಡಷ್ಟು ಗೌರವ ಮೂಡುತ್ತದೆ. ಆ ಸಲುಗೆಯಿಂದಲೇ, ತಾವು ಒಂದು ಗಜ, ಹೋಗಲಿ ಮುಕ್ಕಾಲು ಗಜ, ದೋಣಿಯ ಕಡೆಗೆ ಸರಿದುಕೊಳ್ಳಬಹುದೇ ಎಂದು ಹಿಂದೊಮ್ಮೆ ಕೇಳಿದ್ದೆ. ಉತ್ತರ ಬಂದಿಲ್ಲ.

ತಪ್ಪೆಲ್ಲ ತಮ್ಮದೆಂದು ನಾನು ಹೇಳುವುದಿಲ್ಲ. ಅದರಲ್ಲಿ ಬಹುಪಾಲನ್ನು ನಾನು ಮೊದಲು ಸಲಕರಣೆಗಳಿಗೆ ಹಂಚಿದ್ದೆ. ಅಂಗಡಿಯವರು ಹಲಗೆ ಕೊಡುವ ಮುಂಚೆ ನನ್ನ ತೂಕ ಕೇಳಿದರು, ನಾನು ಮದುವೆಯಾದ ವರ್ಷದ ತೂಕ ಹೇಳಿದೆ. ಎಷ್ಟು ಬುರುಡೆ ಸುತ್ತುತ್ತೀರಿ ಎಂದು ಕೇಳಿದರು, ಆರರ ಆಸುಪಾಸು ಎಂದೆ. ಬುರುಡೆಗಳ ಆಸುಪಾಸಿನಲ್ಲಿ ನಾನು ಇದ್ದದ್ದಂತೂ ಸುಳ್ಳಲ್ಲ. ನನ್ನ ಎರಡೂ ಉತ್ತರಗಳನ್ನು ನಂಬಿ ಅವರು ಕೊಟ್ಟದ್ದು ಗಿಡ್ಡನೆಯ, ಸಪೂರವಾದ, ಒಂದಿಷ್ಟೂ ಬಾಗದ ಕಾರ್ಬನ್ ಹಲಗೆ. ವೇಗವಾಗಿ ಹೋಗುವ ಹಗುರ ಜನರಿಗೆ ಅದು ನೀರನ್ನು ಸೀಳುವ ಕತ್ತಿಯಂತೆ, ನಿಧಾನವಾಗಿ ಹೋಗುವ ನನಗೆ ಅದು ಮುಳುಗುವ ಕತ್ತಿ. ಯಾವ ಕಾಲು ಮುಂದಿರಬೇಕೆಂದು ತಿಳಿಯಲು ಹಿಂದಿನಿಂದ ಯಾರಾದರೂ ಹೇಳದೆ ಕೇಳದೆ ತಳ್ಳಬೇಕಂತೆ, ಆಗ ತಾನಾಗಿ ಮುಂದೆ ಬಂದ ಕಾಲೇ ಮುಂಗಾಲು. ಮನೆಯಲ್ಲಿ ಈ ಸುದ್ದಿ ಹೇಳಿದ್ದೇ ತಡ, ನಮ್ಮ ಯಜಮಾನರೂ ಮಗಳೂ ಸರದಿ ಹಾಕಿಕೊಂಡು ತಳ್ಳಿದರು, ಖಚಿತವಾಗಲೆಂದು ಮತ್ತೆ ತಳ್ಳಿದರು. ಒಮ್ಮೆಯೂ ಯಾವ ಕಾಲೂ ಮುಂದೆ ಬರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಾನು ತಳ್ಳಿಸಿಕೊಂಡಾಗಲೆಲ್ಲ ಹಿಂದಿರುಗಿ “ಏನು?” ಎಂದು ಕೇಳಿದವಳೇ ಹೊರತು ಮುಂದೆ ಬಿದ್ದವಳಲ್ಲ.

ಆಮೇಲೆ ಹಿಂಗಾಲಿಗೆ ಪೂರ್ತಿ ಬೂಟು ಬೇಕೋ, ಬೆರಳು ತೂರಿಸುವ ಪಟ್ಟಿ ಸಾಕೋ ಎಂದು ಚಿಂತಿಸಿದೆ. ಹಲಗೆಯಡಿಯ ರೆಕ್ಕೆಯನ್ನು ಕೂದಲೆಳೆಯಷ್ಟು ಹಿಂದಕ್ಕೂ, ಮರುವಾರ ಅದೇ ಕೂದಲೆಳೆಯಷ್ಟು ಮುಂದಕ್ಕೂ ಸರಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ವಿಷಯದಲ್ಲಿ ನೆಲವೇ ನೀರು, ಅದು ನಿಜಕ್ಕೂ ಡೊಂಕೇ, ಆದರೆ ಈ ವಾದಕ್ಕೆ ಅಕ್ಕ ಸೊಪ್ಪು ಹಾಕಲಿಲ್ಲ. ಕ್ಲಬ್ಬಿನ ಶೆಡ್ಡಿನಿಂದ ಅಗಲವಾದ, ಮೆತ್ತಗಿನ, ಕಲಿಯುವವರಿಗೆಂದೇ ಇಟ್ಟ ಹಳೆಯ ಹಲಗೆಯನ್ನು ತಂದು ನನ್ನ ಕಾಲಡಿ ಎಸೆದಳು. ಅದರ ಮೇಲೆ ನಾನು ಒಲೆಯ ಮೇಲಿನ ಹಾಲಿನ ಹಾಗೆ ತಾನಾಗಿ ಉಕ್ಕಿ ಮೇಲೆದ್ದೆ. ಕಾರ್ಬನ್ ಹಲಗೆ ಈಗ ನಮ್ಮ ಮನೆಯಲ್ಲಿ ಇಸ್ತ್ರಿ ಬಟ್ಟೆಗಳನ್ನು ಹೊತ್ತು ನಿಂತಿದೆ. ನಿಂತಲ್ಲೇ ನಿಂತಿರುವ ಆ ವೇಗಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ಸಲಕರಣೆ ಸರಿಹೋದ ಮೇಲೆ ದೂರಲು ಉಳಿದದ್ದು ನಾನು ಮತ್ತು ತಾವು. ಮಂಡಿ ಮಡಿಸು, ಸೊಂಟ ಮುಂದಿರಲಿ, ಹಿಡಿಕೆ ಸೊಂಟ ಬಿಟ್ಟು ಕದಲದಿರಲಿ, ನೀನು ದೋಣಿಯನ್ನು ಎಳೆಯಬೇಡ, ದೋಣಿ ನಿನ್ನನ್ನು ಎಳೆಯಲಿ: ಇಷ್ಟನ್ನೂ ನಾನು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ವಿಧೇಯ ಹುಡುಗಿಯಂತೆ ಬಾಯಿಪಾಠ ಮಾಡಿದೆ. ಎಡವಟ್ಟಾದದ್ದು ಒಂದೇ ಮಾತಿನಲ್ಲಿ. ಬುರುಡೆ ಹತ್ತಿರವಾದಾಗ ಹೊರಗಿನ ಕೈಯನ್ನು ಹಿಡಿಕೆಯಿಂದ ಬಿಡಿಸಿ, ಒಳಗಿನ ಕೈಯನ್ನು ದೋಣಿಯ ಕಡೆಗೆ ಉದ್ದಕ್ಕೆ ಚಾಚಬೇಕು. ಆಗಲೇ ಹಲಗೆ ಹೊರಕ್ಕೆ ಹರಿದು ಬುರುಡೆಯನ್ನು ಸುತ್ತುವುದು. ಇದಕ್ಕಾಗಿ ಅಕ್ಕ ದೋಣಿಯ ಸ್ಟೀರಿಂಗ್ ಹಿಡಿದುಕೊಂಡು “ಕೈ ಬಿಡು! ಕೈ ಬಿಡು!” ಎಂದು ಕೂಗುತ್ತಿದ್ದಳು. ಶಾಲೆಯಲ್ಲಿ ನನ್ನ ಕನ್ನಡ ಮೇಡಂ ಕೈ ಬಿಡುವುದಕ್ಕೂ ಕೈಬಿಡುವುದಕ್ಕೂ ಇರುವ ವ್ಯತ್ಯಾಸಕ್ಕೆ ಅರ್ಧ ಅಂಕ ಕಳೆದಿದ್ದರು. ನೀರಿನ ಮೇಲೆ ‘ಕೈ’ಗೂ ‘ಬಿಡು’ಗೂ ನಡುವಿನ ಖಾಲಿ ಜಾಗ ಕೇಳಿಸುವುದಿಲ್ಲ. ಅಕ್ಕ ನನ್ನಿಂದ ಬೇಸತ್ತು ಈ ಪ್ರಯತ್ನವನ್ನೇ ಕೈಬಿಡು ಅನ್ನುತ್ತಿದ್ದಾಳೆಂದು ಭಾವಿಸಿ ನಾನು ಹಟದಿಂದ ಎರಡೂ ಕೈಗಳಲ್ಲಿ ಇನ್ನಷ್ಟು ಬಿಗಿಯಾಗಿ ಹಿಡಿದೆ. ಪರಿಣಾಮವನ್ನು ತಾವು ಅನೇಕ ವಾರ ಹತ್ತಿರದಿಂದ ನೋಡಿದ್ದೀರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೋದ ಭಾನುವಾರ ಅರ್ಹತೆಯ ಕಡೆಯ ಓಟ. ಈ ತಪ್ಪು ತಿಳುವಳಿಕೆ ಹಿಂದಿನ ದಿನವಷ್ಟೇ ಬಗೆಹರಿದಿತ್ತು. ಮೊದಲನೆಯವರನ್ನು ಸುತ್ತಿದೆ, ಎರಡನೆಯವರನ್ನು ಸುತ್ತಿದೆ, ತಮ್ಮ ಬಳಿ ಬಂದೆ, ಒಂದು ಕೈ ಬಿಟ್ಟೆ, ಹಲಗೆ ಏನೋ ಹೊಸದೊಂದು ಮಾಡಿತು, ಮತ್ತೆ ಹಗ್ಗ ಬಿಗಿಯಾಗಿ ನಾನು ದೋಣಿಯ ಹಿಂದಿನ ಅಲೆ ದಾಟಿದ ಮೇಲೆ ಬಿದ್ದೆ. ಎಣಿಸಲೆಂದು ದೋಣಿಯಲ್ಲಿ ಹಿಂದುಮುಖವಾಗಿ ಕೂತಿದ್ದ ಭಾವ ಅದೇ ಕ್ಷಣದಲ್ಲಿ ಹಾರಿಹೋಗುತ್ತಿದ್ದ ತನ್ನ ಟೋಪಿಯನ್ನು ಹಿಡಿಯುತ್ತಿದ್ದ. ಅಕ್ಕ ದೋಣಿ ಓಡಿಸುವಾಗ ಮುಂದಿನ ದಾರಿ ಬಿಟ್ಟು ಕಣ್ಣು ಕದಲಿಸುವವಳಲ್ಲ, ಕನ್ನಡಿಯಲ್ಲಿ ಬಿಸಿಲು ಹೊಡೆಯುತ್ತಿತ್ತು. “ಸುತ್ತಿದೆ!” ಎಂದು ನೀರಿನಿಂದಲೇ ಕೂಗಿದೆ. “ಬುರುಡೆ ಸುತ್ತಿದ್ಯೋ, ಬುರುಡೆ ಬಿಡ್ತಾ ಇದ್ಯೋ?” ಎಂದು ಭಾವ ನಕ್ಕು, “ಏನಾದ್ರೂ ಆಗ್ಲಿ, ಮೂರು ಅಂತ ಹೇಳಿಬಿಡೋಣ, ನಮ್ಮವಳೇ ತಾನೇ” ಅಂದ. “ನೋಡದೆ ಇದ್ದದ್ದನ್ನ ಹೇಳೋಕಾಗಲ್ಲ,” ಅಂದಳು ಅಕ್ಕ. ಆಮೇಲೆ ನನ್ನ ಕಡೆ ಬಾಗಿ, “ನೀನೇ ಹೇಳು. ಸುತ್ತಿದ್ಯಾ? ನೀನು ಹೇಳಿದ್ರೆ ಸಾಕು,” ಅಂದಳು.

ಮಾನ್ಯರೇ, ನಾನು ಹಾಲಿಗೆ ನೀರು ಬೆರೆಸಿಲ್ಲವೆಂದರೂ ನಂಬದ ಅಕ್ಕ, ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ರುಜುವಾತಿಲ್ಲದೆ ಒಪ್ಪದ ಅಕ್ಕ, ನೀನು ಹೇಳಿದರೆ ಸಾಕು ಅಂದಳು. ನಾನು ಹೇಳಿದೆ: “ಗೊತ್ತಿಲ್ಲ.”

ಯಾಕೆಂದರೆ ನನ್ನ ಕಣ್ಣು ಮುಚ್ಚಿತ್ತು. ನೋಟ ಹೋದಲ್ಲಿಗೇ ಹಲಗೆ ಹೋಗುತ್ತದೆ, ಆದ್ದರಿಂದ ಬುರುಡೆಯನ್ನು ನೋಡಬೇಡ ಎಂದು ಅಕ್ಕ ಸಾವಿರ ಸಲ ಹೇಳಿದ್ದಳು. ವಿಧೇಯಳಾದ ನಾನು ನೋಡಲಿಲ್ಲ. “ನೋಡಬೇಡ ಅಂದ್ರೆ ಮುಂದೆ ನೋಡು ಅಂತ! ಕಣ್ಣು ಮುಚ್ಕೋ ಅಂತ ಯಾರು ಹೇಳಿದ್ರು?” ಎಂದು ಅಕ್ಕ ಹಣೆ ಚಚ್ಚಿಕೊಂಡು ಎರಡೂಕಾಲು ಎಂದು ಅಂಕ ಒಪ್ಪಿಸಿದಳು. ಬುರುಡೆಯ ಹತ್ತಿರ ಹೋದದ್ದಕ್ಕೆ ಸಿಗುವ ಸಮಾಧಾನಕರ ಕಾಲು ಅಂಕ ಅದು. ಹೀಗಾಗಿ ಆ ಹೊತ್ತಿನಲ್ಲಿ ನಡೆದದ್ದನ್ನು ಕಂಡವರು ಭೂಮಿಯ ಮೇಲೂ ನೀರಿನ ಮೇಲೂ ತಾವೊಬ್ಬರೇ. ಪ್ರತ್ಯಕ್ಷದರ್ಶಿ ಇಲ್ಲವೆಂದು ಎಷ್ಟೋ ಬಡಪಾಯಿಗಳ ಕೋರಿಕೆಯನ್ನು ವಿಷಾದಪೂರ್ವಕವಾಗಿ ತಳ್ಳಿಹಾಕಿದ ಕೈಯಿಂದಲೇ ಬರೆಯುತ್ತಿದ್ದೇನೆ: ನಾನು ತಮ್ಮ ಹೊರಗಿನಿಂದ ಹೋದೆನೋ ಒಳಗಿನಿಂದಲೋ ಎಂಬುದನ್ನು, ಹೆಸರು ಕೊಡುವ ಗಡುವಾದ ಬುಧವಾರದೊಳಗೆ, ದಯವಿಟ್ಟು ತಿಳಿಸಬೇಕು. ಒಳಗಿನಿಂದ ಹೋಗಿದ್ದರೆ ಹಾಗೆಂದೇ ತಿಳಿಸಬೇಕು. ಅದನ್ನು ತಡೆದುಕೊಳ್ಳಬಲ್ಲೆ. ಒಂದು ವರ್ಷ ಕಾದ ಅಕ್ಕನ ಜೋಡಿಯನ್ನು ನನ್ನ ರೆಪ್ಪೆಗಳೇ ಮುರಿದವೋ ಏನೋ ಎಂಬ ಯೋಚನೆಯನ್ನು ತಡೆದುಕೊಳ್ಳಲಾರೆ.

ಇಲ್ಲಿಯವರೆಗೆ ಬರೆದು ಇಟ್ಟಿದ್ದೆ. ಬುಧವಾರ ಕಳೆಯಿತು, ತಮ್ಮಿಂದ ಉತ್ತರವಿಲ್ಲ. ನಿನ್ನೆ ಸ್ಪರ್ಧೆಯೂ ಮುಗಿಯಿತು. ಅಕ್ಕ ದಿನವಿಡೀ ಬೇರೆ ಜೋಡಿಗಳಿಗಾಗಿ ನೂಲು ಹಿಡಿದಂತೆ ನೆಟ್ಟಗೆ ದೋಣಿ ಓಡಿಸಿದಳು. ನಾನು ದಡದಲ್ಲಿ ಎಲ್ಲರಿಗೂ ಟವೆಲು ಕೊಡುತ್ತಿದ್ದೆ. ಸಂಜೆ ಜನರೆಲ್ಲ ಹೋದ ಮೇಲೆ ಅಕ್ಕ ನನ್ನ ಹೆಗಲ ಮೇಲಿನ ಟವೆಲು ಕಿತ್ತುಕೊಂಡು, “ಹಾಕ್ಕೋ ಹಲಗೆ. ಈ ಸಲ ಕೈ ಬಿಡು, ಕಣ್ಣೂ ಬಿಡು,” ಅಂದಳು. ಭಾವ ಎಣಿಸಲೆಂದು ದೋಣಿ ಹತ್ತಿದ, ಆದರೆ ಅದು ಹೊರಟ ಎಳೆತಕ್ಕೇ ಬೆನ್ನು ಹಿಡಿದುಕೊಂಡು ತಳದಲ್ಲಿ ಅಂಗಾತ ಮಲಗಿದ. “ನಂಗೆ ಮೋಡ ಮಾತ್ರ ಕಾಣ್ತಿದೆ,” ಎಂದು ಅವನು ವರದಿ ಒಪ್ಪಿಸಿದ್ದು ನನಗೂ ಕೇಳಿಸಿತು.

ಕಣ್ಣು ಬಿಟ್ಟು ತಮ್ಮ ಬಳಿ ಬಂದೆ. ತಮ್ಮನ್ನು ನೋಡಬಾರದೆಂದು ಗೊತ್ತಿದ್ದೂ ಓರೆಗಣ್ಣಿಗೆ ತಾವು ಬಿದ್ದಿರಿ. ಇಷ್ಟು ಸಣ್ಣವರೆಂದು ಎಣಿಸಿರಲಿಲ್ಲ. ಬುಡದಲ್ಲಿ ಪಾಚಿ, ನೆತ್ತಿಯ ಮೇಲೆ ಹಕ್ಕಿಯ ಹಿಕ್ಕೆ. ತಮ್ಮನ್ನು ಎಡಗಡೆಗಿಟ್ಟುಕೊಂಡು, ನೀರಿನ ಗೋಡೆ ಎಬ್ಬಿಸಿ, ಹೊರಗಿನಿಂದಲೇ ಸುತ್ತಿದೆ. ಆಮೇಲೆ ಮುಂದೆ ನೋಡಿದರೆ ಅಕ್ಕ ಸ್ಟೀರಿಂಗ್ ಹಿಡಿದುಕೊಂಡೇ ಪೂರ್ತಿ ಹಿಂದಕ್ಕೆ ತಿರುಗಿ, ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ದೋಣಿ ತನ್ನ ಪಾಡಿಗೆ ತಾನು ಓರೆಯಾಗಿ ಎತ್ತಲೋ ಹೊರಟಿತ್ತು. ಹಗ್ಗ ಸಡಿಲಾಗಿ ನಾನು ಬಿದ್ದೆ.

ಅಕ್ಕ ದೋಣಿಯನ್ನು ನನ್ನ ಬಳಿ ತಂದು ನಿಲ್ಲಿಸಿದಾಗ, ತಳದಿಂದ ಭಾವ “ಎಷ್ಟು?” ಎಂದು ಕೇಳಿದ. “ದೋಣಿ ದಾರಿ ಬಿಟ್ಟಿತ್ತು. ಲೆಕ್ಕಕ್ಕಿಲ್ಲ. ಎರಡೂಕಾಲೇ,” ಅಂದಳು ಅಕ್ಕ. ಆಮೇಲೆ ಕೈ ಚಾಚಿ ನನ್ನನ್ನು ಮೇಲೆಳೆದುಕೊಳ್ಳುತ್ತ, ಭಾವನಿಗೆ ಕೇಳಿಸದಷ್ಟು ಮೆಲ್ಲಗೆ, “ನಾನು ಕಂಡೆ,” ಅಂದಳು.

ಆದ್ದರಿಂದ ಭಾನುವಾರದ ಬಗೆಗಿನ ನನ್ನ ಕೋರಿಕೆಯನ್ನು ಈ ಮೂಲಕ ಹಿಂಪಡೆಯುತ್ತಿದ್ದೇನೆ. ತಮಗೆ ಕೊಟ್ಟ ತೊಂದರೆಗೆ ಕ್ಷಮೆಯಿರಲಿ.

ಇಂತು, ಕಿವಿಯಲ್ಲಿ ಇನ್ನೂ ಕೆರೆಯ ನೀರಿರುವ
ತಮ್ಮ ವಿಶ್ವಾಸಿ,
ನೀಲಿ ಕೈಗವಸಿನವಳು

ತಾ.ಕ.: ದೋಣಿ ದಾರಿ ಬಿಟ್ಟ ಆ ಹೊತ್ತಿನಲ್ಲಿ ತಮ್ಮ ನೆರೆಯವರಾದ, ದೋಣಿದಾರಿಯ ಅಂಚಿಗೆ ಕಟ್ಟಿದ ಸಣ್ಣ ಹಳದಿ ಬುರುಡೆಯವರು ದೋಣಿಯ ಅಡಿಗೆ ಸಿಕ್ಕಿ ಎರಡು ಹೋಳಾದರೆಂದೂ, ಅದು ಯಾರ ಕೆಲಸವೆಂದು ಕ್ಲಬ್ಬಿನವರು ವಿಚಾರಿಸುತ್ತಿದ್ದಾರೆಂದೂ ತಿಳಿದು ಬಂದಿದೆ. ತಾವು ಏನನ್ನಾದರೂ ಕಂಡಿದ್ದಲ್ಲಿ, ಇದುವರೆಗೆ ನನ್ನ ವಿಷಯದಲ್ಲಿ ಪಾಲಿಸಿಕೊಂಡು ಬಂದ ಘನವಾದ ಮೌನವನ್ನು ಅಕ್ಕನ ವಿಷಯದಲ್ಲೂ ಪಕ್ಷಪಾತವಿಲ್ಲದೆ ಮುಂದುವರಿಸಬೇಕಾಗಿ ವಿನಂತಿ.