ಆಯಿಗಾಗಿ ಹಾಕಿಸಿದ ಮೆಟ್ಟಿಲು

ನಮ್ಮ ಕಡೆ ಗಾಡಿಗೆ ಒಂದು ನಟ್ಟು ಬಿಗಿಸಲು ಹೊರಟರೂ ಅದು ನಿಮ್ಮೊಬ್ಬರ ಕೆಲಸವಾಗಿ ಉಳಿಯುವುದಿಲ್ಲ. ಚಹಾದಂಗಡಿಯಲ್ಲಿ ಕೂತವರು, ದಾರಿಯಲ್ಲಿ ಹೋಗುವವರು, ಹೊಲದಲ್ಲಿದ್ದವರು, ಎಲ್ಲರೂ ಬಂದು ಒಂದೊಂದು ಕೈ ಹಾಕಿಯೇ ಹೋಗುತ್ತಾರೆ. ಎಂಬತ್ತರ ದಶಕದಲ್ಲಿ ನನ್ನ ಹಳೆಯ ಪಿಕಪ್ಪಿಗೆ ಹತ್ತಿಳಿಯುವ ಮೆಟ್ಟಿಲು ಹಾಕಿಸಿದ್ದನ್ನು ನೆನೆದರೆ ನನಗೆ ಇವತ್ತಿಗೂ ನಗು ಬರುತ್ತದೆ. ನಗುವಿಗಿಂತ ಬೆರಗೇ ಹೆಚ್ಚು.

೧. ಬೆಳೆಯುವ ಗಾಡಿ

ಸೊಲ್ಲಾಪುರದಲ್ಲಿ ಕೊಂಡ ಗಾಡಿ ಅದು. ಭಾರ ಹೇರಲು ಅನುಕೂಲವಾಗಲೆಂದು ಹಿಂದಿನ ಮಾಲಕ ಅದಕ್ಕೆ ಲಾರಿಯ ಸ್ಪ್ರಿಂಗು ಹಾಕಿಸಿದ್ದ. ಹಾಗಾಗಿ ಗಾಡಿ ಒಂಟೆಯಂತೆ ಎತ್ತರ ನಿಲ್ಲುತ್ತಿತ್ತು. ತೊಗರಿ ಚೀಲಗಳಿಗೆ ಅದರಿಂದ ಏನೂ ತೊಂದರೆಯಿರಲಿಲ್ಲ, ಅವು ಹಮಾಲರ ಬೆನ್ನೇರಿ ಬರುತ್ತಿದ್ದವು. ತೊಂದರೆಯಾದದ್ದು ನಮ್ಮ ಆಯಿಗೆ, ಅಂದರೆ ನನ್ನ ಅಪ್ಪನ ತಾಯಿಗೆ.

ಆಯಿಯ ತಂಗಿ ಇದ್ದದ್ದು ಅತನೂರಿನಲ್ಲಿ. ಆಕೆಯ ಮನೆಯಲ್ಲಿ ಮರಿಮೊಮ್ಮಗಳು ಹುಟ್ಟಿದ್ದಳು. 'ನಮ್ಮಕ್ಕ ಬರೂತನಕ ಕೂಸಿನ್ನ ತೊಟ್ಟಿಲಿಗಿ ಹಾಕೂದಿಲ್ಲ, ಹೆಸರೂ ಇಡೂದಿಲ್ಲ' ಎಂದು ತಂಗಿ ಹೇಳಿ ಕಳಿಸಿದ್ದಳು. ನಾವಿದ್ದದ್ದು ಮಾದನಹಿಪ್ಪರಗಾದಲ್ಲಿ. ಬಸ್ಸಿನ ನೂಕುನುಗ್ಗಲು ಆಯಿಯ ಮೊಣಕಾಲಿಗೆ ಆಗದ ಮಾತು. ಉಳಿದದ್ದು ನನ್ನ ಗಾಡಿ.

ಆಯಿ ಗಾಡಿಯ ಬಾಗಿಲ ಬಳಿ ನಿಂತು ಮೇಲೆ ನೋಡಿದಳು.

'ಎತ್ತಿ ಕೂಡಸ್ತೇವ್ರಿ ಆಯಿ,' ಎಂದರು ಓಣಿಯ ಹುಡುಗರು.

'ಯಾಕ, ನಾ ಏನ್ ಜ್ವಾಳದ ಚೀಲ ಏನ್ರೋ? ಯಾರರೇ ಮೈ ಮುಟ್ಟಿದ್ರ ನೋಡ್ರಿ!'

ಮನೆಯೊಳಗಿನ ಸ್ಟೂಲು ತಂದಿಟ್ಟೆ. ಹಿಂದಿನ ದಿನವಷ್ಟೇ ಮಳೆಯಾಗಿತ್ತು. ಆಯಿ ಕೋಲೂರಿ ಸ್ಟೂಲಿನ ಮೇಲೆ ನಿಂತಳು. ನಮ್ಮ ಎರೆಮಣ್ಣು ಸುಮ್ಮನಿರುತ್ತದೆಯೇ? ಸ್ಟೂಲಿನ ಕಾಲುಗಳು ಮೆಲ್ಲಗೆ ಒಳಗಿಳಿಯತೊಡಗಿದವು. ಆಯಿ ಗಾಬರಿಯಾಗಲಿಲ್ಲ, ಕೂಗಲಿಲ್ಲ. ನೆಟ್ಟಗೆ ನಿಂತ ಭಂಗಿಯಲ್ಲೇ ಕೆಳಗಿಳಿಯುತ್ತ ಗಾಡಿಯನ್ನು ಕೆಳಗಿಂದ ಮೇಲೆ ನೋಡಿ ಹೇಳಿದಳು:

'ಏ ತಮ್ಮಾ, ನಿನ್ನ ಗಾಡಿ ಬೆಳ್ಯಾಕತ್ತದಲ್ಲೋ!'

೨. ಪಾಸು ಫೇಲು

ಗಾಡಿಗೊಂದು ಮೆಟ್ಟಿಲು ಹಾಕಿಸಲೆಂದು ಮರುದಿನ ಆಳಂದಕ್ಕೆ ಹೋದೆ. ಅಲ್ಲಿ ಹಳೆಯ ಬಿಡಿಭಾಗಗಳ ಅಂಗಡಿಯೊಂದಿತ್ತು. ಅದರ ಯಜಮಾನ ಒಬ್ಬ ಸಾಹೇಬರು, ಗಾಡಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಫಳಫಳ ಹೊಳೆಯುವ ದುಂಡನೆಯ ಪೈಪೊಂದನ್ನು ನಾನು ಆರಿಸಿದೆ. ಸಾಹೇಬರು ಅದನ್ನು ನನ್ನ ಕೈಯಿಂದ ಕಸಿದುಕೊಂಡರು.

'ಚಮಕ್ ನೋಡಿ ಮರುಳಾಗಬ್ಯಾಡ್ರಿ. ಮುದುಕಿ ಪಾದ ದುಂಡನ ಪೈಪಿನ ಮ್ಯಾಲ ನಿಂದರ್ತದೇನು? ಆಕಿ ಏನ್ ದೊಂಬರಾಟದಾಕೇನ್ರಿ?'

ಅವರು ಆರಿಸಿದ್ದು ಕಾಲು ಜಾರದಂತೆ ಗೀರುಗಳಿದ್ದ ದಪ್ಪ ಕಬ್ಬಿಣದ ಪಟ್ಟಿ. ಅದು ಭಾರ ತಡೆಯುವುದೇ ಎಂದು ನಾನು ಬಾಯಿ ತಪ್ಪಿ ಕೇಳಿಬಿಟ್ಟೆ. ಸಾಹೇಬರಿಗೆ ಅವಮಾನವಾಯಿತು. ಎದುರಿನ ಚಹಾದಂಗಡಿಯಲ್ಲಿ ಒಬ್ಬ ಪೈಲವಾನ ಕೂತಿದ್ದ, ಅವನನ್ನು ಕೂಗಿ ಕರೆದರು. ತಮ್ಮ ಅಂಗಡಿಯ ಬಾಗಿಲಲ್ಲಿದ್ದ ಶಹಾಬಾದ್ ಪರಸಿಗಲ್ಲಿನ ಮೇಲೆ ಎರಡು ಇಟ್ಟಿಗೆಯಿಟ್ಟು, ಅದರ ಮೇಲೆ ಪಟ್ಟಿ ಇಟ್ಟು, 'ಜಿಗೀರಿ' ಎಂದರು.

ಪೈಲವಾನ ಚಹಾದ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಜಿಗಿದ. ಅಂಥ ದೇಹ ಅಷ್ಟು ಮೇಲೆ ಹೋದದ್ದನ್ನು ನಾನು ಎಲ್ಲೂ ನೋಡಿಲ್ಲ. ಕೆಳಗೆ ಬಂದಾಗ ಇಡೀ ಬಜಾರು ತಿರುಗಿ ನೋಡಿತು. ಇಟ್ಟಿಗೆ ಪುಡಿಯಾಯಿತು, ಅದರ ಕೆಳಗಿನ ಪರಸಿ ಬಾಗಿಲುದ್ದಕ್ಕೂ ಸೀಳಿತು. ಪಟ್ಟಿಗೆ ಒಂದು ಕೂದಲೆಳೆಯಷ್ಟೂ ಬಾಗು ಬಂದಿರಲಿಲ್ಲ.

ಸಾಹೇಬರು ಬಗ್ಗಿ ಪರಸಿಯ ಸೀಳಿನುದ್ದಕ್ಕೂ ಬೆರಳಾಡಿಸಿದರು. ಆಮೇಲೆ ತಲೆಯೆತ್ತಿ ಹೇಳಿದರು: 'ಪಟ್ಟಿ ಪಾಸಾತ್ರಿ. ನನ್ನ ಅಂಗಡಿ ಫೇಲಾತು.'

೩. ಭೂಸನೂರ ದಾರಿಯ ಸಾಲು

ಪಟ್ಟಿ ಬೆಸೆಸಲು ಆಳಂದದಲ್ಲೇ ವೆಲ್ಡಿಂಗ್ ಮಾಡುವವನೊಬ್ಬನ ಬಳಿ ಹೋದೆ. ಅವನು ಕೇಳಿದ, 'ನಿಮ್ಮ ಆಯಿ ಕಾಲು ಎಷ್ಟ ಮ್ಯಾಲ ಎತ್ತತಾರ?'

ಊರಿಗೆ ಹೋಗಿ ಆಯಿಯನ್ನೇ ಕೇಳಿದೆ. 'ನಮ್ಮ ಬಾಗಿಲ ಕಟ್ಟಿ ಹತ್ತಿಳೀತೇನಲ್ಲ, ಅಷ್ಟ' ಎಂದಳು. ಸುತಲಿ ದಾರದಿಂದ ಕಟ್ಟೆಯ ಎತ್ತರ ಅಳೆದು, ಗಂಟು ಹಾಕಿ, ಅವನಿಗೆ ತಂದು ಕೊಟ್ಟೆ. ಅವನು ನಿಯತ್ತಿನ ಮನುಷ್ಯ, ಗಂಟಿಗೆ ಸರಿಯಾಗಿ ಪಟ್ಟಿಯನ್ನು ಎರಡೂ ಬಾಗಿಲ ಕೆಳಗೆ ಇಳಿಬಿಟ್ಟು ಬೆಸೆದ. ಬಾಗಿಲ ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದೊಂದು ಹಿಡಿಕೆಯನ್ನೂ ಹಚ್ಚಿದ.

ಪರೀಕ್ಷೆಗೆಂದು ಭೂಸನೂರ ಕಡೆ ಹೊರಟೆ. ಕಬ್ಬಿನ ಬಂಡಿಗಳು ಓಡಾಡಿ ಆ ದಾರಿಯಲ್ಲಿ ಮೊಣಕಾಲುದ್ದ ಗಾಲಿಗುಂಡಿ ಬಿದ್ದಿದ್ದವು. ಗಾಡಿಯ ಗಾಲಿ ಗುಂಡಿಗಿಳಿದ ಕೂಡಲೇ ಪಟ್ಟಿಗಳು ನೆಲ ಕಚ್ಚಿದವು. ನಾನು ಹಟಕ್ಕೆ ಬಿದ್ದು ಓಡಿಸಿದೆ. ಹಿಂದಿನಿಂದ ಒಬ್ಬ ರೈತ ಕೈ ಬೀಸುತ್ತ ಓಡಿ ಬರುವುದು ಕಂಡಿತು. ದಾರಿ ಕೆಡಿಸಿದ್ದಕ್ಕೆ ಬೈಯಲು ಬಂದನೆಂದು ಗಾಡಿ ನಿಲ್ಲಿಸಿ ಕೈಮುಗಿದೆ.

ಅವನು ಗಾಡಿಯ ಹಿಂದೆ ಬಿದ್ದಿದ್ದ ಎರಡು ನೇರವಾದ ಸಾಲುಗಳನ್ನು ನೋಡುತ್ತ ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಭಕ್ತಿಯಿತ್ತು.

'ಹಂಗ ನಮ್ಮ ಹೊಲದಾಗೂ ಒಂದ ಸುತ್ತ ಹಾಕಿ ಹೋಗ್ರಿ,' ಎಂದ. 'ಎತ್ತ ಭಾಳ ದಣದಾವ.'

೪. ಹೊಸ್ತಿಲು

ವೆಲ್ಡಿಂಗಿನವನು ಇದನ್ನು ಕೇಳಿ ನಗಲಿಲ್ಲ. ಪಟ್ಟಿಗಳನ್ನು ಕಿತ್ತು, ಯಾವುದೋ ವಾಡೆಯ ಹಳೆಯ ಬಾಗಿಲಿನ ದಪ್ಪ ಬಿಜಾಗ್ರಿ ಕೀಲುಗಳನ್ನು ತಂದು, ಪಟ್ಟಿಗಳು ಮಡಚಿಕೊಳ್ಳುವಂತೆ ಮಾಡಿದ. ಕೊಂಡಿ ಬಿಚ್ಚಿದರೆ ಮೆಟ್ಟಿಲು ಕೆಳಗಿಳಿಯುತ್ತದೆ, ಎತ್ತಿ ಸಿಗಿಸಿದರೆ ಗಾಡಿಯ ಹೊಟ್ಟೆಗೆ ಅಂಟಿ ಕೂರುತ್ತದೆ. ನಾನು ಅದನ್ನು ಇಳಿಸಿದೆ, ಎತ್ತಿದೆ, ಮತ್ತೆ ಇಳಿಸಿದೆ. ನಿಜ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು. ಅತನೂರಿನ ಆ ಕೂಸಿಗೆ ಇನ್ನು ಹೆಸರು ಸಿಕ್ಕಂತೆಯೇ ಎಂದುಕೊಂಡೆ.

ಹೊರಡುವ ದಿನ ನನ್ನ ಹೆಂಡತಿ ಬೆಳಿಗ್ಗೆಯೇ ಗಾಡಿ ತೊಳೆದಳು. ಹೊಸದೇನು ಬಂದರೂ ಪೂಜೆಯಾಗದೆ ನಮ್ಮಲ್ಲಿ ಬಳಸುವುದಿಲ್ಲ. ಮೆಟ್ಟಿಲಿಗೆ ಅರಿಸಿನ ಬಳಿದು, ವಿಭೂತಿಯ ಮೂರು ಗೆರೆ ಎಳೆದು, ಕುಂಕುಮವಿಟ್ಟು, ಹೂವಿಟ್ಟಳು. ಕಾಯಿ ಒಡೆದದ್ದೂ ಆಯಿತು. ಓಣಿಯೇ ನೋಡಲು ನೆರೆದಿತ್ತು. ವೆಲ್ಡಿಂಗಿನವನೂ ತನ್ನ ಕೈಕೆಲಸ ನೋಡಲು ಆಳಂದದಿಂದ ಬಂದಿದ್ದ.

ಆಯಿ ಬಂದಳು. ನಾನು ಕೊಂಡಿ ಬಿಚ್ಚಿ ಮೆಟ್ಟಿಲು ಇಳಿಸಿದೆ. ಆಯಿ ಬಗ್ಗಿ ನೋಡಿ, ಬೆರಳಿನಿಂದ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು.

'ಕಾಲಿಡು ಆಯಿ.'

'ಹೊಸ್ತಿಲ ಮ್ಯಾಲ ಕಾಲಿಡಲ್ಯಾ?'

'ಅದು ಹೊಸ್ತಿಲಲ್ಲ, ಮೆಟ್ಟಲ!'

'ಬಾಗಿಲ ಕೆಳಗದ. ಅರಿಷಿಣ ಅದ, ಈಬತ್ತಿ ಅದ, ಕುಂಕುಮ ಅದ. ಇದು ಹೊಸ್ತಿಲಲ್ಲಂದ್ರ ಹೊಸ್ತಿಲಂದ್ರ ಯಾವುದಪಾ?'

ಒರೆಸಿಬಿಡುತ್ತೇನೆಂದು ಟವೆಲ್ ತೆಗೆದೆ. 'ತೊಟ್ಟಿಲ ಕಾರ್ಯಕ್ಕ ಹೊಂಟಾಗ ಪೂಜಿ ಒರಸ್ತೀ?' ಎಂದು ಗದರಿದಳು. ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ಇಷ್ಟೆಲ್ಲ ಮಾಡಿಯೂ ಆ ಕೂಸಿನ ತೊಟ್ಟಿಲು ಖಾಲಿಯೇ ಉಳಿಯಿತಲ್ಲ ಎಂದು ನಾನು ನೆಲ ನೋಡುತ್ತ ನಿಂತೆ.

ಆಗ ಆಯಿ ಕೋಲನ್ನು ನನ್ನ ಕೈಗೆ ಕೊಟ್ಟಳು. ಸೆರಗು ಸಿಕ್ಕಿಸಿದಳು. ಜೀವಮಾನವಿಡೀ ರೊಟ್ಟಿ ಬಡಿದ ಎರಡೂ ಕೈಗಳಿಂದ ಹಿಡಿಕೆ ಹಿಡಿದಳು. ಮೊಣಕಾಲನ್ನು ಎದೆಯ ತನಕ ಎತ್ತಿ, ಮೆಟ್ಟಿಲಿಗೆ ಬೆರಳೂ ತಾಗದಂತೆ ದಾಟಿಸಿ, ನೇರವಾಗಿ ಗಾಡಿಯೊಳಗೆ ಹೋಗಿ ಕೂತಳು.

ವೆಲ್ಡಿಂಗಿನವನ ಬಾಯಿ ತೆರೆದದ್ದು ತೆರೆದೇ ಇತ್ತು.

'ಆಯಿ, ಇಷ್ಟ ಎತ್ತರ ಹತ್ತಾಕ ಬರ್ತಿತ್ತಂದ್ರ ಮದಲ ಯಾಕ ಹತ್ತಲಿಲ್ಲ?' ಎಂದು ಕೇಳಿದೆ.

'ಮದಲ ಹೊಸ್ತಿಲಾ ಎಲ್ಲಿತ್ತೋ ದಾಟಾಕ?' ಎಂದಳು.

ಅತನೂರು ಮುಟ್ಟುವಷ್ಟರಲ್ಲಿ ದಾರಿಯ ಧೂಳು ಮೆತ್ತಿ ಅರಿಸಿನ ಕುಂಕುಮವೆಲ್ಲ ಮಾಯವಾಗಿತ್ತು. ಇಳಿಯುವಾಗ ಆಯಿ ಮತ್ತೆ ಹೊಸ್ತಿಲ ಮಾತು ತೆಗೆದಳು. 'ಎಲ್ಲದ ಹೊಸ್ತಿಲಾ? ಬರೇ ತಗಡದ, ಇಳಿಯಕ್ಕಾ' ಎಂದಳು ತಂಗಿ. ಆಯಿ ಮೆಟ್ಟಿಲಿನ ಮೇಲೆ ಕಾಲಿಟ್ಟು ರಾಣಿಯಂತೆ ಇಳಿದಳು. ಆ ಮೆಟ್ಟಿಲು ತಾನು ಯಾವುದಕ್ಕೆ ಹುಟ್ಟಿತ್ತೋ ಆ ಕೆಲಸ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಸಂಜೆ ಕೂಸು ತೊಟ್ಟಿಲಿಗೆ ಬಂತು, ಆಯಿಯೇ ಅದರ ಕಿವಿಯಲ್ಲಿ ಹೆಸರು ಹೇಳಿದಳು.

ಮರುದಿನ ಹೊರಡಲು ಹೊರಗೆ ಬಂದೆವು. ದೊಡ್ಡವರನ್ನು ಬರಿದೇ ಕಳಿಸಬಾರದೆಂದು ತಂಗಿಯ ಸೊಸೆಯಂದಿರು ನಸುಕಿನಲ್ಲೇ ಎದ್ದು ಗಾಡಿ ತೊಳೆದು, ಮೆಟ್ಟಿಲಿಗೆ ಅರಿಸಿನ, ಕುಂಕುಮ, ವಿಭೂತಿ, ಹೂವು ಎಲ್ಲ ಏರಿಸಿ, ಕೆಳಗೆ ರಂಗೋಲಿಯನ್ನೂ ಹಾಕಿದ್ದರು.

ಆಯಿ ಒಮ್ಮೆ ನೋಡಿದಳು. ಕೋಲನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿದಳು.