ಅತ್ತೆಯ ಪುಡಿಗೆ ಅರಗಿನ ಮೊಹರು

ಕಾನೂನು ಮನೆಯಿಂದಲೇ ಶುರುವಾಗಬೇಕು ಎಂದು ಔಷಧ ಇಲಾಖೆಯ ಇನ್‌ಸ್ಪೆಕ್ಟರು ಅಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದರು. ಬಾಯಿತುಂಬ ನೊರೆಯಿದ್ದುದರಿಂದ ಹೆಂಡತಿಗೆ ಅರ್ಧ ಮಾತ್ರ ಅರ್ಥವಾಯಿತು. ಅಷ್ಟಕ್ಕೇ ಅವಳು ಒಳಗೆ ಇಣುಕಿ ನೋಡಿದಳು. ಅಡುಗೆಮನೆಯಲ್ಲಿ ಅವಳ ತಾಯಿ, ಅಂದರೆ ಇನ್‌ಸ್ಪೆಕ್ಟರ ಅತ್ತೆ, ತಾವೇ ತಯಾರಿಸಿದ ಗಿಡಮೂಲಿಕೆ ಪುಡಿಯನ್ನು ಡಬ್ಬಿಗಳಿಗೆ ತುಂಬುತ್ತಿದ್ದರು. ಪರವಾನಗಿ ಇಲ್ಲ, ಪರೀಕ್ಷೆ ಇಲ್ಲ. ಡಬ್ಬಿಯ ಮೇಲೆ ಮಾತ್ರ ‘ಮಂಡಿನೋವು ಮಂಗಮಾಯ’ ಎಂಬ ದಪ್ಪಕ್ಷರ. ಬೀದಿಯವರೆಲ್ಲ ಮುಗಿಬಿದ್ದು ಕೊಳ್ಳುತ್ತಿದ್ದರು.

"ರೀ, ಮೊದಲು ನಿಮ್ಮ ಮಂಡೀನ ಒಂದು ಮಾತು ಕೇಳಿ," ಎಂದಳು ಹೆಂಡತಿ.

ಮಾತಿನಲ್ಲಿ ಹುರುಳಿತ್ತು. ಲಿಫ್ಟಿಲ್ಲದ ಕಚೇರಿಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತುತ್ತಿದ್ದವರು, ಆ ಪುಡಿ ಹಾಲಿಗೆ ಬಿದ್ದಂದಿನಿಂದ ಜಿಂಕೆಯಾಗಿದ್ದರು. ಮಂಡಿ ಮತ್ತೆ ಕೈಕೊಟ್ಟರೆ ಓಡಾಟದ ಕೆಲಸ ತಪ್ಪಿ, ಕಡತದ ಕೋಣೆಯಲ್ಲಿ ಧೂಳು ಕುಡಿಯುತ್ತ ಕೂರಬೇಕಿತ್ತು. ಆದರೆ ಕರ್ತವ್ಯದ ಭೂತ ಹೊಕ್ಕವರಿಗೆ ಮಂಡಿ ಯಾವ ಲೆಕ್ಕ?

ಊಟದ ಮೇಜಿನ ಮೇಲೆ ಪುಡಿ ನಿಯಮದಂತೆ ಮೂರು ಪಾಲಾಯಿತು: ಒಂದು ಪ್ರಯೋಗಾಲಯಕ್ಕೆ, ಒಂದು ಕಚೇರಿಯ ಕಪಾಟಿಗೆ, ಇನ್ನೊಂದು ತಯಾರಕರಾದ ಅತ್ತೆಗೇ ವಾಪಸು. ಮೇಣದಬತ್ತಿ ಹಚ್ಚಿ, ಅರಗು ಕರಗಿಸಿ, ಮೊಹರೊತ್ತುವಾಗ ಒಂದು ಹನಿ ಅವರದೇ ಹೆಬ್ಬೆರಳಿಗೆ ಬಿತ್ತು. ಅದಕ್ಕೂ ಹೆಂಡತಿಯೇ ಸಾಕ್ಷಿ. ವಾಸಿಮಾಡುತ್ತದೆ ಎಂದು ಹೇಳಿ ಮಾರುವುದು ಅಪರಾಧ ಎಂದು ಅತ್ತೆಗೆ ಪಾಠವೂ ಆಯಿತು. ಅತ್ತೆ ತಲೆದೂಗಿ ಕೇಳಿಸಿಕೊಂಡರು. ಮರುದಿನದಿಂದ ತಮ್ಮ ಪಾಲಿನ ಪುಡಿಯನ್ನು ಅಳಿಯನ ಹಾಲಿಗೇ ಹಾಕಿದರು. ಅಳಿಯ ಬೇಡ ಎನ್ನಲಿಲ್ಲ.

ಪ್ರಯೋಗಾಲಯದ ಗೆಳೆಯನ ಫೋನು ಬಂದಾಗ ಇನ್‌ಸ್ಪೆಕ್ಟರು ಕಚೇರಿಯ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಿದ್ದರು.

"ಹುರಿದ ಗೋಧಿಹಿಟ್ಟು, ಸಕ್ಕರೆ, ಚೂರು ಶುಂಠಿ. ಔಷಧಿ ಅನ್ನೋದು ಇದ್ರಲ್ಲಿ ಹೆಸರಿಗೂ ಇಲ್ಲ ಕಣಯ್ಯ."

ತಮ್ಮ ಅನುಮಾನ ನಿಜವಾಯಿತೆಂದು ಬೀಗಿ ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು. ಮಂಡಿ ಕಟಕ್ ಎಂದಿತು! ಕಾಲು ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಕೊನೆಗೆ ಗುಮಾಸ್ತರೆಲ್ಲ ಸೇರಿ ಅವರನ್ನು ಸಾಹೇಬರ ಕುರ್ಚಿಯಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತು ಮನೆಗೆ ತಂದಿಳಿಸಿದರು. ದಾರಿಯುದ್ದಕ್ಕೂ ಅತ್ತೆಯ ಗಿರಾಕಿಗಳು ನಿಂತು ನೋಡಿದರು, ಅವರ್ಯಾರೂ ಕುಂಟುತ್ತಿರಲಿಲ್ಲ.

ಇನ್‌ಸ್ಪೆಕ್ಟರಿಗೆ ನಿಜಕ್ಕೂ ಅಳು ಬರುವಂತಾಯಿತು. ಬರೀ ಹಿಟ್ಟೆಂದು ಗೊತ್ತು, ಗೊತ್ತಾದದ್ದೇ ಎಡವಟ್ಟಾಗಿತ್ತು. ನಾಚಿಕೆ ಬಿಟ್ಟು ಅಡುಗೆಮನೆಯತ್ತ ತಿರುಗಿದರು.

"ಅತ್ತೆ, ಹಾಲಿಗೆ ಎರಡು ಚಮಚ ಹಾಕ್ತೀರಾ?"

ಅತ್ತೆ ಲೋಟ ಹಿಡಿದು ಬಂದರು.

"ಕುಡೀರಿ ಅಳಿಯಂದ್ರೇ. ಆದ್ರೆ ವಾಸಿಯಾದ್ರೆ ಹೊರಗೆಲ್ಲೂ ಬಾಯಿ ಬಿಡಬೇಡಿ. ನಿಮ್ಮೋರೇ ಬಂದು ನಿಮ್ಮನ್ನ ಹಿಡ್ಕೊಂಡು ಹೋದಾರು."